ಪೂಜೆಗಿಟ್ಟ ಕೋವಿ

ಜಿಂಜ್, ಬಹ್ರೈನ್
27 ಮೇ 2025, ಮಂಗಳವಾರ

ಪ್ರೀತಿಯ ಪಪ್ಪಾ,

‘ನಾನಿಲ್ಲಿ ಕ್ಷೇಮ, ನೀವೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ’ ಅಂತ ಬರೆದು ಈಗಷ್ಟೇ ಹೊಡೆದು ಹಾಕಿದೆ. ಹಾಸ್ಟೆಲಿನಲ್ಲಿ ಒಂಬತ್ತು ವರ್ಷ, ಪ್ರತಿ ಭಾನುವಾರ ತಿಂಡಿ ಆದ ಮೇಲೆ ಇದೇ ಸಾಲು ಬರೆದ ಕೈ ಇದು. ಬೇರೆ ಥರ ಶುರು ಮಾಡಲಿಕ್ಕೆ ಬರುವುದಿಲ್ಲ. ಕವರ್ ಅಂಟಿಸುವ ಮೊದಲು ವಾರ್ಡನ್ ಓದುತ್ತಿದ್ದರು, ಅದು ನಿಮಗೆ ಗೊತ್ತಿತ್ತಾ? ಜ್ವರ ಬಂದರೂ ಕ್ಷೇಮ, ಟ್ರಂಕಿನ ಬೀಗ ಯಾರೋ ಒಡೆದರೂ ಕ್ಷೇಮ. ನನ್ನಿಂದ ನಿಮಗೆ ಮುನ್ನೂರಕ್ಕಿಂತ ಹೆಚ್ಚು ಪತ್ರ ಬಂದಿರಬೇಕು. ನನ್ನ ವಿಷಯ ನಿಮಗೆ ಏನೂ ಗೊತ್ತಿಲ್ಲ.

ಇದನ್ನು ನಿಮಗಿಂತ ಮೊದಲು ಯಾರೂ ಓದುವುದಿಲ್ಲ. ಬ್ಯಾಗ್ ಚೆಕ್ ಮಾಡುವವರಿಗೆ ಕನ್ನಡ ಬರುವುದಿಲ್ಲ. ಇಂಗ್ಲಿಷ್ ನನಗೆ ಈಸಿ, ಆದರೂ ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಸಾರಿ.

ಅಮ್ಮ ಸಲ್ಮಾನಿಯಾ ಆಸ್ಪತ್ರೆಗೆ ಡ್ಯೂಟಿಗೆ ಹೋಗಿದ್ದಾರೆ. ನಿಮ್ಮ ಬ್ಯಾಗ್ ಹಾಲಿನಲ್ಲಿ ತೆರೆದೇ ಉಂಟು. ನಾಳೆ ಹತ್ತು ಗಂಟೆಗೆ ಜೈಲಿನಲ್ಲಿ ಕೊಟ್ಟು ಬರಬೇಕಂತೆ. ಗುರುವಾರ ನಿಮ್ಮನ್ನು ಸೀದಾ ಮುಹರ್ರಕ್ ಏರ್‌ಪೋರ್ಟಿಗೆ ಕರೆದುಕೊಂಡು ಹೋಗಿ ವಿಮಾನ ಹತ್ತಿಸುತ್ತಾರೆ, ನಮಗೆ ನೋಡಲಿಕ್ಕೆ ಸಿಗುವುದಿಲ್ಲ ಅಂತ ವಕೀಲರು ಹೇಳಿದರು. ಪ್ರಯಾಣಕ್ಕೆ ಹಾಕಿಕೊಳ್ಳಲಿ ಅಂತ ಅಮ್ಮ ನೀಲಿ ಚೌಕುಳಿ ಅಂಗಿ ಮೇಲೆಯೇ ಇಟ್ಟಿದ್ದಾರೆ. ಅದರ ಜೇಬಿನಲ್ಲಿ ಇದನ್ನು ಇಡ್ತೇನೆ. ವಿಮಾನದಲ್ಲೇ ಓದಿ. ಇಳಿದ ಮೇಲೆ ಓದಿದರೆ ತಡ ಆಗ್ತದೆ.

ಪೂರ್ತಿ ಓದಲು ಮನಸ್ಸಾಗದಿದ್ದರೆ ಇಷ್ಟನ್ನು ಓದಿ. ಬಜ್ಪೆ ಏರ್‌ಪೋರ್ಟಿನಲ್ಲಿ ನೀವು ಹೊರಗೆ ಬರುವಾಗ ಅಫ್ಸಲ್ ಮಾಮ ನಿಂತಿರ್ತಾರೆ. ಧನಂಜಯ ಚಿಕ್ಕಪ್ಪನೂ ನಿಂತಿರ್ತಾರೆ, ನಾಲ್ಕೈದು ಹುಡುಗರ ಜೊತೆ. ‘ನನ್ನನ್ನು ಹಿಡಿದುಕೊಟ್ಟ ಬ್ಯಾರಿ ಎದುರಿಗೆ ಬಂದರೆ ಆಮೇಲೆ ಆಗುವುದಕ್ಕೆ ನಾನು ಜವಾಬ್ದಾರಿ ಅಲ್ಲ’ ಅಂತ ನೀವು ಜೈಲಿನ ಫೋನಿನಲ್ಲಿ ಚಿಕ್ಕಪ್ಪನಿಗೆ ಹೇಳಿದ್ದೀರಂತೆ. ಚಿಕ್ಕಪ್ಪ ಅಮ್ಮನಿಗೆ ಫೋನ್ ಮಾಡಿ, ಅತ್ತಿಗೆ, ಆ ಅಫ್ಸಲ್ ಬರ್ಲಿ, ಬಂದ ಕಾಲಲ್ಲೇ ವಾಪಸ್ ಹೋಗುದಿಲ್ಲ ಅಂದರು. ನಗ್ತಾ ಅಂದರು. ಅಮ್ಮ ಆಯ್ತು, ಜಾಗ್ರತೆ ಅಂತ ಮಾತ್ರ ಹೇಳಿ ಫೋನ್ ಇಟ್ಟರು. ಯಾರಿಗೆ ಜಾಗ್ರತೆ ಅಂತ ನಾನು ಕೇಳಲಿಲ್ಲ.

ಪಪ್ಪಾ, ಅಫ್ಸಲ್ ಮಾಮನ ಮೈ ಮುಟ್ಟಲು ಯಾರನ್ನೂ ಬಿಡಬೇಡಿ. ನಿಮ್ಮ ಕೋವಿಯ ವಿಷಯ ಹೇಳಿದ್ದು ಅವರಲ್ಲ. ನಾನು.

ಈಗ ಇದನ್ನೂ ಹೊಡೆದು ಹಾಕಬೇಕು ಅನ್ನಿಸ್ತಾ ಉಂಟು. ಹಾಕುವುದಿಲ್ಲ. ಮೊದಲಿನಿಂದ ಹೇಳ್ತೇನೆ.

ಕಳೆದ ಆಗಸ್ಟಿನಲ್ಲಿ ನಾನು ಬಂದ ದಿನ ನೆನಪುಂಟಾ? ನಾಲ್ಕನೇ ಕ್ಲಾಸಿಗೆ ನನ್ನನ್ನು ಊರಿನ ಹಾಸ್ಟೆಲಿಗೆ ಸೇರಿಸುವಾಗ, ಅಮ್ಮನಿಗೆ ಶಿಫ್ಟ್ ಡ್ಯೂಟಿ, ಸಣ್ಣ ಕೋಣೆಯನ್ನು ಬಾಡಿಗೆಗೆ ಕೊಡಲೇಬೇಕು, ಜಾಗ ಇಲ್ಲ ಮಗಾ ಅಂದಿದ್ದಿರಿ. ಆಮೇಲೆ ಪ್ರತಿ ವರ್ಷ ರಜೆಗೆ ನೀವಿಬ್ಬರೇ ಊರಿಗೆ ಬಂದಿರಿ, ನನ್ನನ್ನು ಇಲ್ಲಿಗೆ ಕರೆಯಲಿಲ್ಲ. ಯಾಕೆಂದರೆ ಜಾಗ ಇಲ್ಲ. ನಾನು ಆ ಬಾಡಿಗೆಯವನನ್ನು ಎಷ್ಟು ಇಮ್ಯಾಜಿನ್ ಮಾಡಿದ್ದೆ ಗೊತ್ತಾ? ಅವನಿಗೆ ಒಂದು ಮೀಸೆ ಕೊಟ್ಟಿದ್ದೆ. ನನ್ನ ಕಿಟಕಿಯಲ್ಲಿ ಟವೆಲ್ ಒಣಗಿಸ್ತಾನೆ ಅಂತ ಅವನ ಮೇಲೆ ಸಿಟ್ಟಿತ್ತು. ಈ ಸಲ ಕಾಲೇಜಿಗೆ ಸೇರಲು ಬಂದವಳು ಬಾಗಿಲು ತೆಗೆದು ನೋಡಿದರೆ ಒಳಗೆ ಕಬ್ಬಿಣದ ಮೇಜು, ಕಬ್ಬಿಣ ಬಿಗಿಹಿಡಿಯುವ ವೈಸು, ಡ್ರಿಲ್ಲಿಂಗ್ ಮಿಷನ್, ಸಾಲಾಗಿ ಅರಗಳು. ಬಾಡಿಗೆಯವ ಯಾವಾಗ ಹೋದ ಅಂತ ಕೇಳಿದೆ. ಅವನಾ, ಅವ ಹೋಗಿ ಐದು ವರ್ಷ ಆಯ್ತಲ್ಲ ಅಂದಿರಿ ನೀವು, ಅಳತೆಯ ವರ್ನಿಯರ್ ಒರೆಸ್ತಾ. ನನ್ನ ಹಾಸಿಗೆ ಹಾಲಿನ ಸೋಫಾದ ಮೇಲೆ ಅಂತ ಆಯ್ತು.

ಮೂರನೇ ದಿನ ನೀವು ಬೆಡ್‌ಶೀಟ್ ಸರಿಸಿ ಅವಳನ್ನು ತೋರಿಸಿದಿರಿ. ನೀವು ಹಾಗೇ ಕರೆಯುತ್ತಿದ್ದದ್ದು, ಇವಳು ಅಂತ. ಇವಳಿಗೆ ಇನ್ನೂ ಟ್ರಿಗರ್ ಕೂತಿಲ್ಲ, ಇವಳ ಸ್ಪ್ರಿಂಗ್ ಸ್ವಲ್ಪ ಹಠ. ಬ್ಯಾಂಡೇಜ್ ಬಿಚ್ಚಿದ ಹಾಗೆ ಮೆತ್ತಗೆ ಬಟ್ಟೆ ತೆಗೆದಿರಿ. ಸೆಮಿ ಆಟೊಮ್ಯಾಟಿಕ್ ರೈಫಲ್, ಅಂಗಡಿಯ ಒಂದು ಪೀಸೂ ಇಲ್ಲ, ಪೂರ್ತಿ ವಸಂತಕುಮಾರ ಆಚಾರಿಯ ಕೈಕೆಲಸ ಅಂದಿರಿ. ಆಮೇಲೆ ಫೋನಿನಲ್ಲಿ ಆ ಅಮೆರಿಕದವನ ವೀಡಿಯೋ. ಗಡ್ಡದವ, ಅವನ ಕಾಲ ಹತ್ತಿರ ಮಲಗಿದ ನಾಯಿ, ಹಿಂದೆ ಗೋಡೆಯಲ್ಲಿ ಧ್ವಜ. ಅವ ‘ಬಜೆಟ್ ಬಿಲ್ಡ್’ ಅಂದಾಗೆಲ್ಲ ನೀವು ನಗುತ್ತಿದ್ದಿರಿ. ಇವನಿಗೆ ಎಲ್ಲ ಪೋಸ್ಟಿನಲ್ಲಿ ಬರ್ತದೆ, ಸ್ಕ್ರೂ ತಿರುಗಿಸಿದ್ರೆ ಆಯ್ತು, ಇದೂ ಒಂದು ಕೆಲಸವಾ ಅಂತ. ಅವ ಅದನ್ನು ಭಾನುವಾರದ ಟೈಂಪಾಸ್ ಅಂತ ತೋರಿಸ್ತಿದ್ದ. ನೀವು ಅದನ್ನು ಬಹ್ರೈನಿನಲ್ಲಿ, ನಾಲ್ಕನೇ ಮಾಳಿಗೆಯಲ್ಲಿ, ಅಮ್ಮನ ಮತ್ತು ನನ್ನ ವೀಸಾದ ಪಕ್ಕ ಇಟ್ಟುಕೊಂಡು ಮಾಡ್ತಿದ್ದಿರಿ.

ಯಾಕೆ ಅಂತ ಕೇಳಿದ್ದಕ್ಕೆ ಅಜ್ಜನ ಕೋವಿಯ ಕಥೆ ಹೇಳಿದಿರಿ. ಹಂದಿ ಓಡಿಸಲು ಲೈಸನ್ಸ್ ಇದ್ದ ಒಂಟಿ ನಳಿಗೆಯ ಕೋವಿ. ಪ್ರತಿ ಚುನಾವಣೆಗೆ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಯಲ್ಲಿ ಇಟ್ಟು, ಮುಗಿದ ಮೇಲೆ ಚೀಟಿ ತೋರಿಸಿ ತರುವುದು. ಒಂದು ಚುನಾವಣೆಯಲ್ಲಿ ಓಟು ಹಾಕಿ ಬಂದ ಅಜ್ಜ ಎಣಿಕೆಗೆ ಮೊದಲೇ ತೀರಿಹೋದರು, ಕೋವಿ ಠಾಣೆಯಲ್ಲೇ ಉಳಿಯಿತು. ಗಲ್ಫಿನಲ್ಲಿ ಇರುವ ಮಗನ ಹೆಸರಿಗೆ ಲೈಸನ್ಸ್ ಆಗುವುದಿಲ್ಲ ಅಂದರಂತೆ. ನೀವು ಮೂರು ರಜೆಯಲ್ಲಿ ಮೂರು ಸಲ ಹೋಗಿ ಕಿಟಕಿಯಿಂದ ನೋಡಿ ಬಂದಿರಿ. ತುಕ್ಕು ಹಿಡಿದಿದೆ, ಎಣ್ಣೆಯಾದರೂ ಹಾಕ್ತೇನೆ ಕೊಡಿ ಅಂದದ್ದಕ್ಕೆ ಪೇದೆ ನಕ್ಕನಂತೆ. ಅದನ್ನು ಹೇಳುವಾಗ ನಿಮ್ಮ ಕಣ್ಣು ಒದ್ದೆಯಾಗಿತ್ತು. ನನಗೂ ಬೇಜಾರಾಯ್ತು, ನಿಜ. ಆದರೆ ತಲೆಯಲ್ಲಿ ಬೇರೆ ಒಂದು ಲೆಕ್ಕ ಓಡಿತು. ರಜೆಯಲ್ಲಿ ಊರಿಗೆ ಬಂದಾಗ ಹಾಸ್ಟೆಲಿನ ಕಿಟಕಿಗೆ ನೀವು ಎಷ್ಟು ಸಲ ಬಂದಿರಿ ಅಂತ.

ಅಫ್ಸಲ್ ಮಾಮ ಶುಕ್ರವಾರ ನಮಾಜ್ ಮುಗಿಸಿ ನಮ್ಮಲ್ಲಿಗೆ ಬರ್ತಿದ್ದರು. ಇಪ್ಪತ್ತೆರಡು ವರ್ಷ ಒಂದೇ ವರ್ಕ್‌ಶಾಪಿನಲ್ಲಿ ನಿಮ್ಮ ಪಕ್ಕದ ಲೇತ್ ಮಿಷನ್ನಿನಲ್ಲಿ ನಿಂತ ಮನುಷ್ಯ. ಅಮ್ಮನ ನೀರುದೋಸೆ ತಿಂತಾ ತಿಂತಾ ಆ ಕೋಣೆಯ ಬಾಗಿಲು ನೋಡಿ ಹೇಳುತ್ತಿದ್ದರು: ಆಚಾರ್ರೇ, ಇದು ಅಮೆರಿಕಾ ಅಲ್ಲ. ಇಲ್ಲಿ ಮಕ್ಕಳ ಆಟಿಕೆ ಪಿಸ್ತೂಲು ತಂದ್ರೂ ಕಸ್ಟಮ್ಸಿನವ ತಿರುಗಿಸಿ ತಿರುಗಿಸಿ ನೋಡ್ತಾನೆ. ತುಂಡು ಮಾಡಿ ಬಿಸಾಡಿ. ನೀವು, ಬ್ಯಾರಿಗೆ ಹೆದರಿಕೆ ಅನ್ನುತ್ತಿದ್ದಿರಿ. ಅವರು, ಹೌದಪ್ಪ, ಹೆದರಿಕೆ ಉಂಟು, ಎರಡು ಮಕ್ಕಳುಂಟು ನನಗೆ. ನಿಮಗೂ ಒಂದುಂಟು, ನೆನಪುಂಟಾ ಅನ್ನುತ್ತಿದ್ದರು. ಇಬ್ಬರೂ ನಗುತ್ತಿದ್ದಿರಿ. ಒಂದು ಪೀಸನ್ನು ಲೇತಿಗೆ ಹಾಕಿ ಕೊಡು ಅಂತ ನೀವು ಕೇಳಿದ ದಿನ ಮಾತ್ರ ಅವರು ನಗಲಿಲ್ಲ. ನನ್ನ ಕೈ ಅದಕ್ಕೆ ತಾಗುವುದಿಲ್ಲ ಅಂತ ದೋಸೆ ಅರ್ಧಕ್ಕೆ ಬಿಟ್ಟು ಎದ್ದರು.

ಅಕ್ಟೋಬರಿನ ಮೊದಲ ಶುಕ್ರವಾರ ಇನ್ನೊಂದು ಜಗಳ ಆಯ್ತಲ್ಲ, ಗೋಡೆಯ ಮೇಲಿನ ಪೆನ್ಸಿಲ್ ಗುರುತಿನದ್ದು. ಸಣ್ಣ ಕೋಣೆಯ ಕಿಟಕಿಯ ಕೆಳಗೆ ಎರಡು ಗೀಟು. ಯಾರ ಕೆಲಸ ಇದು, ನನ್ನ ಅಳತೆಯ ಟೇಪನ್ನು ತೆಗೆದದ್ದು ಯಾರು ಅಂತ ನೀವು ಮನೆಯಿಡೀ ಕೂಗಿದಿರಿ. ಅಫ್ಸಲ್ ಮಾಮ ಕಪಾಟು ಇಡಲು ಅಳತೆ ತೆಗೆದಿದ್ದಾರೆ ಅಂತ ನೀವೇ ತೀರ್ಮಾನ ಮಾಡಿದಿರಿ. ಅವರು ಅಲ್ಲ ಅಂದರು. ಮತ್ತೆ ಯಾರು, ಗೋಡೆಯೇ ಬರ್ಕೊಂಡಿತಾ ಅಂದಿರಿ.

ಅದರ ಮುಂದಿನ ಶುಕ್ರವಾರ ಆಯುಧ ಪೂಜೆ. ನೀವು ಬೆಳಗ್ಗೆಯೇ ಮಿಂದು ಹಾಲಿನಲ್ಲಿ ಕೆಂಪು ಬಟ್ಟೆ ಹಾಸಿದಿರಿ. ಅರ, ಸುತ್ತಿಗೆ, ವರ್ನಿಯರ್, ಅಮ್ಮನ ಸ್ಟೆತಸ್ಕೋಪ್, ಕಾರಿನ ಕೀ, ನನ್ನ ಲ್ಯಾಪ್‌ಟಾಪ್. ನಡುವೆ ಅವಳು. ಇದೂ ಆಯುಧವೇ ಅಲ್ವಾ, ನಿಜವಾದ ಆಯುಧ ಇದೊಂದೇ ಅಂದಿರಿ. ಅಮ್ಮ, ದೇವರೇ ಅಂದರು, ಆದರೂ ಚೆಂಡುಹೂವು ಕೊಟ್ಟರು. ನೀವು ಕುಂಕುಮ ಇಟ್ಟಿರಿ, ಕರ್ಪೂರ ಹಚ್ಚಿದಿರಿ. ಆಗ ಮೊದಲ ಸಲ ನಾನು ಅದರ ಮರದ ಹಿಡಿಯನ್ನು ಹತ್ತಿರದಿಂದ ನೋಡಿದೆ. ಪಾಲಿಶಿನ ಕೆಳಗೆ ಒಂದು ನಕ್ಷತ್ರದ ನೆರಳು ಇತ್ತು. ಸಣ್ಣವಳಿರುವಾಗ ನನ್ನ ಮಂಚದ ತಲೆಯ ಹಲಗೆಗೆ ನಾನೇ ಅಂಟಿಸಿದ ಸ್ಟಿಕ್ಕರಿನ ಗುರುತು. ಒಳ್ಳೆ ಸಾಗುವಾನಿ, ಹಾಳು ಮಾಡುವುದು ಬೇಡ ಅಂತ ತೆಗೆದಿಟ್ಟಿದ್ದೆ ಅಂದಿರಿ ನೀವು, ಖುಷಿಯಲ್ಲಿ.

ನಾನು ಫೋಟೋ ತೆಗೆದೆ. ಊರಿನ ಹಾಸ್ಟೆಲ್ ಫ್ರೆಂಡ್ಸ್ ಎಲ್ಲ ಸ್ಟೇಟಸ್ ಹಾಕ್ತಾ ಇದ್ದರು, ಸ್ಕೂಟಿಗೆ ಹೂ, ಬಸ್ಸಿಗೆ ಹೂ, ಹೊಲಿಗೆ ಮಿಷನ್ನಿಗೆ ಹೂ. ನಾನೂ ಹಾಕಿದೆ. ಅಷ್ಟು ನಿಜವಾಗಿ ಯೋಚಿಸದೆ ಮಾಡಿದ್ದು, ಪ್ರಾಮಿಸ್. ಹನ್ನೊಂದು ನಿಮಿಷದಲ್ಲಿ ಅಫ್ಸಲ್ ಮಾಮನ ಫೋನ್ ಬಂತು ನಿಮಗೆ. ಮಾರಾಯ್ರೇ, ಮಗಳಿಗೆ ಮೊದಲು ಅದನ್ನು ಡಿಲೀಟ್ ಮಾಡ್ಲಿಕ್ಕೆ ಹೇಳಿ ಅಂತ. ಮಾಡಿದೆ. ನೋಡಿದ್ದು ನಾಲ್ಕೇ ಜನ. ಊರಲ್ಲಿರುವ ನನ್ನ ಇಬ್ಬರು ಫ್ರೆಂಡ್ಸ್, ಅಮ್ಮ, ಅಫ್ಸಲ್ ಮಾಮ. ನಿಮಗೆ ಆ ಲಿಸ್ಟ್ ತೋರಿಸಿದ್ದೂ ನಾನೇ.

ಶನಿವಾರ ಊಟ ಸೇರಲಿಲ್ಲ. ಎಂಟನೇ ಕ್ಲಾಸಿನಲ್ಲಿ ನನ್ನ ರೂಮ್‌ಮೇಟ್ ನವ್ಯಶ್ರೀ ಟ್ರಂಕಿನಲ್ಲಿ ಫೋನ್ ಅಡಗಿಸಿಟ್ಟಿದ್ದಳು. ನಾನು ನೋಡಿ ಸುಮ್ಮನಿದ್ದೆ. ಸಿಕ್ಕಿಬಿದ್ದಾಗ ವಾರ್ಡನ್ ಇಡೀ ರೂಮನ್ನು ಸಾಲಾಗಿ ನಿಲ್ಲಿಸಿ, ಕದ್ದು ಇಟ್ಟವಳಿಗಿಂತ ನೋಡಿ ಸುಮ್ಮನಿದ್ದವಳು ದೊಡ್ಡ ಕಳ್ಳಿ ಅಂದರು. ಮೂರು ತಿಂಗಳು ಮನೆಗೆ ಫೋನ್ ಇಲ್ಲ. ಅಕ್ಷಿತಾ ಸಿಟ್ಟಿನಲ್ಲಿ ಮಾತಾಡ್ತಿಲ್ಲ ಅಂತ ನೀವು ಅಂದುಕೊಂಡಿದ್ದಿರಿ. ಪತ್ರದಲ್ಲಿ ಕ್ಷೇಮ ಅಂತ ಬರೆದಿದ್ದೆ.

ಭಾನುವಾರ ಕಾಲೇಜಿನಲ್ಲಿ ನಮ್ಮ ಟ್ಯೂಟರ್ ಡಿಂಪಲ್ ಮೇಡಂ ರೂಮಿಗೆ ಹೋಗಿ ಫೋನಿನಲ್ಲಿ ಉಳಿದಿದ್ದ ಫೋಟೋ ತೋರಿಸಿದೆ. ಯಾರ ಮನೆ ಅಂತ ಕೇಳಿದರು. ನಮ್ಮದೇ ಅಂದೆ. ಎದ್ದು ಬಾಗಿಲು ಹಾಕಿ ಬಂದರು. ನೋಡು ಬೇಟಾ, ನನಗೆ ತೋರಿಸಿದ್ದೀ ಅಂತ ಆದರೆ ನಾನು ಮೇಲಕ್ಕೆ ಹೇಳಲೇಬೇಕು, ಅಲ್ಲಿಂದ ಅದು ಎಲ್ಲಿಗೆ ಹೋಗ್ತದೆ ಅಂತ ನಿನಗೂ ಗೊತ್ತು. ನಾನು ಚಹಾ ತರಲು ಹೋಗ್ತೇನೆ. ಬರುವಷ್ಟರಲ್ಲಿ ನೀನು ಇಲ್ಲಿಲ್ಲದಿದ್ದರೆ ನಾನು ಏನೂ ನೋಡಿಲ್ಲ. ಅವರು ಹೋದರು. ಚಹಾ ಮೆಷಿನ್ ಕಾರಿಡಾರಿನ ಕೊನೆಯಲ್ಲಿ. ಬೇಕಾದಷ್ಟು ಟೈಮ್ ಇತ್ತು. ಅವರು ಎರಡು ಕಪ್ ಹಿಡಿದು ವಾಪಸ್ ಬಂದಾಗ ನಾನು ಅದೇ ಕುರ್ಚಿಯಲ್ಲಿ ಇದ್ದೆ. ಇನ್ನೊಮ್ಮೆ ಕೇಳಿದರು, ಆರ್ ಯು ಶೂರ್ ಅಂತ. ಹೇಳಿ ಮೇಡಂ ಅಂದೆ.

ಸೋಮವಾರ ಸಂಜೆ ಪೊಲೀಸರಿಗೆ ಬಾಗಿಲು ತೆಗೆದದ್ದೂ ನಾನೇ. ನೀವು ಲುಂಗಿಯಲ್ಲಿ, ಕೈಯಲ್ಲಿ ಅರ. ಅವರು ಮೇಜಿನ ಮೇಲಿನದನ್ನು ಎತ್ತಿಕೊಂಡಾಗ ನೀವು ತಡೆಯಲಿಲ್ಲ. ಮೆಲ್ಲ, ಸರ್, ಸ್ಕ್ರೂ ಸಡಿಲ ಉಂಟು ಅಂತ ಹಿಂದಿಯಲ್ಲಿ ಹೇಳಿದಿರಿ. ಹಾಬಿ, ಸರ್, ಓನ್ಲಿ ಹಾಬಿ, ಗುಂಡಿಲ್ಲ, ಹೊಡೆದೇ ಇಲ್ಲ. ಒಬ್ಬ ಆಫೀಸರ್ ಕುಂಕುಮವನ್ನು ಗ್ಲೌಸಿನ ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿದ. ಅಮ್ಮ, ಪೂಜಾ, ಪೂಜಾ ಅಂತ ಕೈ ಮುಗಿದು ತೋರಿಸಿದರು. ಲಿಫ್ಟಿನ ಬಾಗಿಲು ಮುಚ್ಚುವಾಗ ನೀವು ನನ್ನನ್ನು ನೋಡಿ ಹೆದರ್ಬೇಡ ಮಗಾ ಅಂದಿರಿ. ನಾನು ಹೆದರಿರಲಿಲ್ಲ. ಎರಡು ದಿನದ ನಂತರ ಮೊದಲ ಸಲ ಹಸಿವಾಗಿತ್ತು.

ಎಂಟು ದಿನ ಆದ ಮೇಲೆ ನಿಮ್ಮ ಮೊದಲ ಫೋನ್ ಬಂತು, ನೀವು ಹೇಳಿದ್ದು ಒಂದೇ ಮಾತು: ನಾಲ್ಕು ಜನ ನೋಡಿದ್ದು, ಅದರಲ್ಲಿ ಇಲ್ಲಿರುವವ ಒಬ್ಬನೇ, ಅಫ್ಸಲ್. ಅಮ್ಮ ಅಳ್ತಾ ಹೌದು ಹೌದು ಅಂದರು. ಸ್ಪೀಕರ್ ಆನ್ ಇತ್ತು. ನಾನು ಅಲ್ಲೇ ಕೂತಿದ್ದೆ.

ಅಷ್ಟರಲ್ಲಿ ಪೊಲೀಸರು ಅಫ್ಸಲ್ ಮಾಮನನ್ನೂ ಆರು ದಿನ ಕರೆದು ಕೂರಿಸಿದ್ದರು. ನಿಮ್ಮ ಪಕ್ಕದ ಲೇತಿನವ, ನಿಮ್ಮ ಮನೆಗೆ ಬರುವವ, ಸಹಾಯ ಮಾಡಿರಬೇಕು ಅಂತ. ಬಿಟ್ಟರು, ಆದರೆ ಕಂಪೆನಿಯವರು ವೀಸಾ ರಿನ್ಯೂ ಮಾಡಲಿಲ್ಲ. ನವೆಂಬರಿನಲ್ಲಿ ಊರಿಗೆ, ಉಳ್ಳಾಲಕ್ಕೆ ಹೋದರು. ಈಗ ಯಾರದ್ದೋ ಗ್ಯಾರೇಜಿನಲ್ಲಿ ದಿನಗೂಲಿಗೆ ಲೇತ್ ಓಡಿಸ್ತಾರಂತೆ. ಹೋಗುವ ಮೊದಲು ಅವರ ಹೆಂಡತಿ ಶಹರ್ಬಾನು ಮಾಮಿ ತುಪ್ಪದನ್ನ ಕಳಿಸಿದ್ದರು. ಅಮ್ಮ ಡಬ್ಬಿಯನ್ನು ತೆರೆಯದೆ ವಾಪಸ್ ಕೊಟ್ಟರು. ಕೊಟ್ಟು ಬಂದದ್ದು ನಾನು. ನಮ್ಮ ಸಂಘದವರು ಅಮ್ಮನಿಗೆ ಸಮಾಧಾನ ಹೇಳಲು ಬಂದರು, ಸೋಫಾದಲ್ಲಿ, ಅಂದರೆ ನನ್ನ ಹಾಸಿಗೆಯ ಮೇಲೆ ಕೂತು, ಮನೆಯೊಳಗೆ ಬಿಟ್ಕೊಂಡದ್ದೇ ತಪ್ಪು ಕಾಂತಕ್ಕ, ಅವರ ಜಾತಿಯೇ ಹಾಗೆ ಅಂದರು. ನಾನು ಚಹಾ ಕೊಟ್ಟೆ. ಸಕ್ಕರೆ ಸರಿಯುಂಟಾ ಅಂತ ಕೇಳಿದೆ.

ಎಷ್ಟು ಸುಲಭ ಆಯ್ತು ಪಪ್ಪಾ. ನಾನು ಒಂದು ಸುಳ್ಳೂ ಹೇಳಬೇಕಾಗಿ ಬರಲಿಲ್ಲ. ಅವರ ಹೆಸರನ್ನು ನಾನು ಹೇಳಲೇ ಇಲ್ಲ, ನೀವೆಲ್ಲ ಸೇರಿ ಹೇಳಿದಿರಿ. ಗೋಡೆಯ ಗೀಟಿನ ಹಾಗೆಯೇ.

ಏಪ್ರಿಲಿನಲ್ಲಿ ಅವರು ನನಗೆ ಫೋನ್ ಮಾಡಿದರು. ಬೈಯಲಿಲ್ಲ. ಪರೀಕ್ಷೆ ಹೇಗಾಯ್ತು ಕೇಳಿದರು. ಆಮೇಲೆ, ನಾಲ್ಕು ಜನ ನೋಡಿದ್ದಂತೆ, ಇಬ್ಬರು ಊರಲ್ಲಿ, ನಿನ್ನ ಅಮ್ಮ ಹೇಳುವವಳಲ್ಲ, ನಾನು ಹೇಳಿಲ್ಲ ಅಂತ ನನಗೆ ಗೊತ್ತುಂಟು, ಆದರೆ ಫೋಟೋ ತೆಗೆದವಳನ್ನು ನಿನ್ನಪ್ಪ ಲೆಕ್ಕಕ್ಕೇ ಹಿಡಿಯಲಿಲ್ಲ ಅಲ್ವಾ ಮಗಾ ಅಂದರು. ಆಮೇಲೆ ಹೇಳಿದರು: ನಿನ್ನಪ್ಪ ಇಳಿಯುವ ದಿನ ನಾನು ಏರ್‌ಪೋರ್ಟಿಗೆ ಹೋಗ್ತೇನೆ. ಓಡಿ ಹೋದ ಅಂತ ಆಗಬಾರದು ನನಗೆ. ನನ್ನ ಮಕ್ಕಳು ಅದೇ ಊರಲ್ಲಿ ನಡೀಬೇಕು. ಅಷ್ಟರೊಳಗೆ ನೀನು ಹೇಳು. ಇಲ್ಲದಿದ್ದರೆ ಅಲ್ಲೇ ಎಲ್ಲರ ಎದುರು ನಾನು ಹೇಳ್ತೇನೆ. ಮೊನ್ನೆ ನಾನು, ಹುಡುಗರು ಬರ್ತಾರೆ, ಹೋಗಬೇಡಿ ಮಾಮ ಅಂತ ಮೆಸೇಜ್ ಮಾಡಿದೆ. ಅದಕ್ಕೇ ಹೇಳಿದ್ದು, ನಿನ್ನಪ್ಪನಿಗೆ ಬೇಗ ಹೇಳು ಅಂತ ಉತ್ತರ ಬಂತು.

ಅವರು ಅಲ್ಲಿ ಹೇಳಿದರೆ ಚಿಕ್ಕಪ್ಪ ನಂಬುತ್ತಾರಾ? ತಪ್ಪಿಸಿಕೊಳ್ಳಲು ಆಚಾರಿಯ ಮಗಳ ಹೆಸರು ಹೇಳಿದ ಅಂತ ಇನ್ನೂ ಹೆಚ್ಚು ಹೊಡೀತಾರೆ. ನೀವು ಹೇಳಿದರೆ ನಿಲ್ತದೆ. ನೀವು ಬಾಗಿಲಿನಿಂದ ಹೊರಗೆ ಬಂದ ಕೂಡಲೇ, ಟ್ರಾಲಿ ಬಿಟ್ಟು, ಮೊದಲು ಅಫ್ಸಲ್ ಮಾಮನ ಹತ್ತಿರ ಹೋಗಿ. ಎಲ್ಲರೂ ನೋಡುವ ಹಾಗೆ ಅವರ ಕೈ ಹಿಡಿಯಿರಿ. ಕ್ಷಮೆ ಕೇಳಲು ಆಗದಿದ್ದರೆ ಬೇಡ, ಕೈ ಹಿಡಿದರೆ ಸಾಕು. ಪ್ಲೀಸ್ ಪಪ್ಪಾ. ಆಮೇಲೆ ನನಗೆ ಏನು ಬೇಕಾದರೂ ಹೇಳಿ. ಅಮ್ಮನಿಗೆ ನಾನು ನಾಳೆ ಬ್ಯಾಗ್ ಕೊಟ್ಟು ಬಂದ ಮೇಲೆ ಹೇಳ್ತೇನೆ. ಮೊದಲೇ ಹೇಳಿದರೆ ಈ ಪತ್ರ ಜೇಬಿನಲ್ಲಿ ಉಳಿಯುವುದಿಲ್ಲ.

ನಾನು ಭಯದಿಂದ ಮಾಡಿದೆ. ಅಷ್ಟೇ. ಯಾರಾದರೂ ಕೇಳಿದರೆ ಹಾಗೆ ಹೇಳಿ: ಹಾಸ್ಟೆಲಿನಲ್ಲಿ ಬೆಳೆದ ಹುಡುಗಿ, ಹೆದರಿ ಹೇಳಿಬಿಟ್ಟಳು.

ನಿಮ್ಮ ಮಗಳು,
ಅಕ್ಷಿತಾ

ತಾ.ಕ.: ಕಳೆದ ವಾರ ಫೋನಿನಲ್ಲಿ ನೀವು, ಸಣ್ಣ ಕೋಣೆ ಖಾಲಿಯೇ ಉಂಟಾ ಅಂತ ಕೇಳಿದಿರಿ. ಇಲ್ಲ. ಮಾರ್ಚಿನಲ್ಲಿ ಅಮ್ಮ ನನಗೆ ಮಂಚ ತೆಗೆಸಿಕೊಟ್ಟರು, ಕಿಟಕಿಯ ಕೆಳಗೆ ಹಾಕಿದ್ದೇವೆ. ಆರೂವರೆ ಅಡಿ ಉದ್ದ, ಮೂರು ಅಡಿ ಅಗಲ. ಆ ಎರಡು ಪೆನ್ಸಿಲ್ ಗೀಟಿನ ನಡುವೆ ಸರಿಯಾಗಿ ಕೂತಿದೆ. ಪೂಜೆಗೆ ಒಂದು ವಾರ ಮೊದಲು ನಿಮ್ಮ ಟೇಪಿನಲ್ಲಿ ನಾನೇ ಅಳತೆ ತೆಗೆದಿದ್ದೆ, ಆದ್ದರಿಂದ ಒಂದು ನೂಲೂ ಹೆಚ್ಚು ಕಡಿಮೆ ಆಗಲಿಲ್ಲ.